ಪಾಠದಲ್ಲಿ ಉಳಿದು ಚಿತ್ರದಲ್ಲಿ ಅಳಿದ ಗೆರೆ

ಪಠ್ಯಪುಸ್ತಕ ವಿಭಾಗದ ಮಾನ್ಯ ಅಧಿಕಾರಿಗಳೇ,

ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೂವತ್ತೊಂದನೆಯ ಪುಟದಲ್ಲಿ ಇರಬೇಕಾದ ಒಂದು ಗೆರೆ ಇಲ್ಲ. ಅಳಿಸಿದವನು ನಾನು, ಅಳಿಸಲು ಹೇಳಿದವರು ನೀವು.

ಆ ಪಾಠ ಬರೆದವರು ಜಯನಗರದ ಹೈಸ್ಕೂಲು ಮೇಷ್ಟರು ಅನಂತಪದ್ಮನಾಭ. ಅವರು ಕೊಟ್ಟ ಫೋಟೋದಲ್ಲಿ ಕೋಟ್ಯಂತರ ನಕ್ಷತ್ರಗಳ ಒಂದು ದೂರದ ಗ್ಯಾಲಕ್ಸಿ. ಅದರ ಒಡಲಿನಿಂದ ಬೆಳಕಿನ ಒಂದು ಗೆರೆ ನೆಟ್ಟಗೆ ಹೊರಕ್ಕೆ ಚಿಮ್ಮಿದೆ. ಸಾವಿರಾರು ಜ್ಯೋತಿರ್ವರ್ಷ ಉದ್ದ, ಊಹೆಗೆ ನಿಲುಕದ ವೇಗ. ಒಳಗೆ ಎಂಥ ಭಾರ ಕೂತು ಅದನ್ನು ಹಾಗೆ ಎಸೆಯುತ್ತಿದೆಯೋ, ವಿಜ್ಞಾನಿಗಳಿಗೂ ಇನ್ನೂ ಖಚಿತವಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಮಕ್ಕಳಿಗೆ ಹೇಳಬೇಕೆಂಬುದು ಮೇಷ್ಟರ ಹಟ. ಅದಕ್ಕೇ ‘ಚಿತ್ರದಲ್ಲಿ ಬಿಳಿಯ ಗೆರೆ ನೋಡಿ’ ಎಂದು ಬರೆದರು.

ಫೋಟೋ ನನ್ನ ಮೇಜಿಗೆ ಬಂದಾಗ ಅಂಚಿನಲ್ಲಿ ನಿಮ್ಮ ಕೆಂಪು ಶಾಯಿಯಿತ್ತು: ‘ಗೀರು ತೆಗೆಯಿರಿ.’ ಇಪ್ಪತ್ತು ವರ್ಷದಿಂದ ನನ್ನ ಕಸುಬೇ ಅದು. ಫೋಟೋದಿಂದ ಅಚ್ಚಿನ ತಾಮ್ರದ ಬ್ಲಾಕ್ ಮಾಡುವ ಮುಂಚೆ ದೊಡ್ಡವರ ಮುಖದ ಕಲೆ, ಮದುಮಕ್ಕಳ ಮೊಡವೆ ಎಲ್ಲವನ್ನೂ ಕುಂಚದಿಂದ ಮುಚ್ಚುತ್ತೇನೆ. ಪಾಠ ಓದಲಿಲ್ಲ. ಒಮ್ಮೆ ಕಪ್ಪು ಎಳೆದೆ, ಸಾವಿರಾರು ಜ್ಯೋತಿರ್ವರ್ಷ ಮುಗಿದುಹೋಯಿತು. ನೀವಾದರೂ ಓದಿದ್ದಿರಾ? ಪಾಠ ಒಪ್ಪಿ ಸಹಿ ಹಾಕಿದವರು ನೀವೇ ಅಲ್ಲವೇ?

ಪುಸ್ತಕ ಬಂದ ಮೇಲೆ “ಗೆರೆ ಎಲ್ಲೈತೆ ಸಾರ್?” ಎಂದು ಮಕ್ಕಳು ನಕ್ಕರಂತೆ. ಮೇಷ್ಟರು ನನ್ನ ಅಂಗಡಿಗೆ ಬಂದರು. ಬೈಯಲಿಲ್ಲ. “ಅದು ಗೀರಲ್ಲ ಕಣಯ್ಯ ಚಕ್ರಪಾಣಿ. ಪಾಠ ಬರ್ದಿದ್ದೇ ಅದಕ್ಕೋಸ್ಕರ,” ಎಂದರು. ನಿಮಗೆ ಮೂರು ಅರ್ಜಿ ಬರೆದರು, ಉತ್ತರವಿಲ್ಲ. ಕೊನೆಗೆ ನನ್ನಿಂದಲೇ ಬಿಳಿ ಬಣ್ಣ, ಸಣ್ಣ ಕುಂಚ ತೆಗೆದುಕೊಂಡು ಹೋಗಿ ನಲವತ್ತೆರಡು ಮಕ್ಕಳ ಪುಸ್ತಕದಲ್ಲೂ ತಾವೇ ಗೆರೆ ಎಳೆದರು. ಇದಕ್ಕೆ ಮಾತ್ರ ತಮ್ಮ ಕಾಗದ ಮೂರೇ ದಿನದಲ್ಲಿ ಬಂತು: ಪಠ್ಯಪುಸ್ತಕ ವಿರೂಪಗೊಳಿಸಿದ್ದಕ್ಕೆ ಸಮಜಾಯಿಷಿ ಕೊಡಿ. ಎಷ್ಟು ಚುರುಕಾದ ಕಚೇರಿ ತಮ್ಮದು.

ಆ ಕಾಗದ ಅವರನ್ನು ಒಳಗೊಳಗೇ ತಿಂದಿತು. ಸಮಜಾಯಿಷಿ ಬರೆದು ಮುಗಿಸುವ ಮೊದಲೇ, ಕಳೆದ ಶ್ರಾವಣದಲ್ಲಿ, ಎದೆನೋವು ಬಂದು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಅವರ ಹೆಂಡತಿ ಅಮ್ಮಣ್ಣಿಯವರು ಮೇಷ್ಟರು ಗೆರೆ ಎಳೆದಿದ್ದ ಪುಸ್ತಕವೊಂದರಲ್ಲಿ ಆ ಪುಟ ತೆರೆದು, “ಇಷ್ಟುದ್ದದ ಗೆರೆಗಾ ಇವರು ಊಟ ನಿದ್ದೆ ಬಿಟ್ಟಿದ್ದು?” ಎಂದು ಕೇಳಿದರು. ನನಗೆ ಅಳು ಬಂತು. ಅಳಿಸಿದವನು ನಾನೇ ಎನ್ನಲು ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ, ಇದರ ನಕಲನ್ನು ಅವರಿಗೂ ಕಳಿಸುತ್ತೇನೆ, ಅವರೂ ಓದಲಿ.

ತೀರಿಹೋದವರ ಮೇಲಿನ ಆ ನೋಟೀಸನ್ನು ಹಿಂದಕ್ಕೆ ಪಡೆಯಿರಿ. ಮುಂದಿನ ಮುದ್ರಣಕ್ಕೆ ಮುಂಚೆ ನಿಮ್ಮ ಉಗ್ರಾಣದಲ್ಲಿರುವ ಬ್ಲಾಕನ್ನು ಹೊರಗೆ ತೆಗೆಸಿ. ತಾಮ್ರದ ಮೇಲೆ ಸಣ್ಣ ಉಳಿಯಿಂದ ಗೀರಿದರೆ ಅಚ್ಚಿನಲ್ಲಿ ಬಿಳಿಯ ಗೆರೆ ಮೂಡುತ್ತದೆ. ಐದು ನಿಮಿಷದ ಕೆಲಸ, ನಾನೇ ಬಂದು ಮಾಡುತ್ತೇನೆ. ತಮ್ಮ ಅಪ್ಪಣೆ ಬೇಕು, ಅಷ್ಟೇ. ಈ ಸಲ ಅದೇ ಕೆಂಪು ಶಾಯಿಯಲ್ಲಿ ‘ಗೀರು ಹಾಕಿ’ ಎಂದು ಬರೆಯಿರಿ.

ಇಂತಿ,
ಓದದೆ ಅಳಿಸಿದ ಕೈಯವನು,
ಚಕ್ರಪಾಣಿ, ಬ್ಲಾಕ್ ಮೇಕರ್
ಜಯನಗರ, ೧೯೬೬