ಇನ್ನೊಂದು ಸಲ ಹಾರುತ್ತದೆ

ಸೂರತ್
೧೧ ಡಿಸೆಂಬರ್ ೨೦೨೪

ಪ್ರೀತಿಯ ಮೀರಕ್ಕನಿಗೆ,

ನಿನ್ನ ತಂಗಿ ಹೇಮಾ ಮಾಡುವ ನಮಸ್ಕಾರಗಳು. ದೀಪಾವಳಿಗೆ ನೀನು ಕಳಿಸಿದ ಸೀರೆ, ಕೊಬ್ಬರಿ ಮಿಠಾಯಿ, ಜೊತೆಗಿದ್ದ ಕಾಗದ ಎಲ್ಲ ತಲುಪಿ ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲ, ಫೋನೂ ಮಾಡಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಫೋನು ಮಾಡಿದರೆ ಅಮ್ಮ ಸ್ಪೀಕರ್ ಹಾಕಿಸುತ್ತಾಳೆ. ಆಮೇಲೆ ನಾನು ಏನು ಅಡುಗೆ, ಎಷ್ಟು ಚಳಿ ಎಂದಷ್ಟೇ ಮಾತಾಡಬೇಕು. ಅದಕ್ಕೇ ಈ ಕಾಗದ, ಅದೂ ನಿನ್ನ ಶಾಲೆಯ ವಿಳಾಸಕ್ಕೆ. ಸ್ಟಾಫ್ ರೂಮಿನಲ್ಲಿ ಒಡೆಯಬೇಡ. ಎಲ್ಲಾದರೂ ಒಬ್ಬಳೇ ಕೂತು ಓದು.

ಸೂರತ್ತಿನಲ್ಲಿರುವವಳಿಗೆ ದಾವಣಗೆರೆಯಿಂದ ಸಿಂಥೆಟಿಕ್ ಸೀರೆ ಕಳಿಸಿದವಳು ಪ್ರಪಂಚದಲ್ಲಿ ನೀನೊಬ್ಬಳೇ ಇರಬೇಕು. ಬ್ಯಾಂಕಿಗೆ ಉಟ್ಟುಕೊಂಡು ಹೋದ ದಿನ ನಮ್ಮ ರಶ್ಮಿಬೆನ್ ಸೆರಗು ಮುಟ್ಟಿ ನೋಡಿ, ಇದು ಇಲ್ಲೇ ಪಕ್ಕದ ಸಚಿನ್ ಎನ್ನುವ ಊರಿನ ಮಿಲ್ಲಿನದು ಎಂದಳು. ಆದರೂ ಬಣ್ಣ ಚೆನ್ನಾಗಿದೆ, ಎರಡು ಸಲ ಉಟ್ಟೆ.

ವರಾಛಾ ಬ್ರಾಂಚಿನಲ್ಲಿ ಕೆಲಸಕ್ಕೇನೂ ಕಡಿಮೆಯಿಲ್ಲ. ಆಗಸ್ಟಿನಲ್ಲಿ ಆದದ್ದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ರಶ್ಮಿಬೆನ್ ಮಾತ್ರ ದಿನಾ ಚಹಾದ ಹೊತ್ತಿಗೆ ನನ್ನ ಭುಜ ತಟ್ಟಿ, “ಬಧು ಸಾರು ಥಈ ಜಶೆ, ಹೇಮಾಬೆನ್” ಅನ್ನುತ್ತಾಳೆ. ಎಲ್ಲ ಒಳ್ಳೆಯದಾಗುತ್ತದಂತೆ. ಪಾಪದ ಹೆಂಗಸು. ಅವಳ ಬಾಯಿಂದ ಅದನ್ನು ಕೇಳಿದ ಕೂಡಲೇ ನಾನು ಅರ್ಧ ಚಹಾ ಬಿಟ್ಟು ಕೌಂಟರಿಗೆ ಹೋಗುತ್ತೇನೆ.

ಜನವರಿಯಲ್ಲಿ ಹದಿನೈದು ದಿನ ರಜೆ ಹಾಕಿ ನನ್ನನ್ನು ಬಾಣಂತಿಯ ಹಾಗೆ ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದೀಯ. ಯಾಕೆಂದು ಆಗ ತಿಳಿದಿರಲಿಲ್ಲ, ಇವರು ನನಗಿಂತ ಮುಂಚೆ ನಿನಗೆ ಹೇಳಿದ್ದಾರೆಂದು ಈಗ ಗೊತ್ತಾಯಿತು. ಸಂಕ್ರಾಂತಿ ಕಳೆದ ಮೇಲೆ ವಡೋದರಾದ ಡಾಕ್ಟರ ಹತ್ತಿರ ಮತ್ತೆ ಹೋಗಬೇಕಂತೆ. ಮಗುವಿಗಾಗಿ ಇದು ಐದನೆಯ ಪ್ರಯತ್ನ. ನನ್ನ ಕೈಲಿ ಆಗುವುದಿಲ್ಲ ಅಕ್ಕ. ಇವರಿಗೆ ಅದನ್ನು ಹೇಗೆ ಹೇಳಲಿ ಎಂದು ತಿಳಿಯದೆ ನಿನಗೆ ಬರೆಯುತ್ತಿದ್ದೇನೆ.

ಆ ಆಸ್ಪತ್ರೆಯನ್ನು ನಾವು ಯಾಕೆ ಆರಿಸಿಕೊಂಡೆವು ಗೊತ್ತೇ? ಇವರು ಅಹಮದಾಬಾದಿನ ಸಂಶೋಧನಾ ಸಂಸ್ಥೆಯಲ್ಲಿ, ನಾನು ಸೂರತ್ತಿನ ಬ್ಯಾಂಕಿನಲ್ಲಿ. ವಡೋದರಾ ಇಬ್ಬರಿಗೂ ನಡುವೆ ಸಿಗುವ ಸ್ಟೇಷನ್ನು. ಅವರು ಆ ಕಡೆಯಿಂದ, ನಾನು ಈ ಕಡೆಯಿಂದ ಬಂದು ಇಳಿಯುತ್ತೇವೆ. ಮೊದಲ ಮೂರು ಸಲವೂ ಗರ್ಭ ನಿಲ್ಲಲಿಲ್ಲ ಎಂದು ಗೊತ್ತಾದ ಮೇಲೆ ಇವರು ಒಂದು ರೈಲು ಹತ್ತಿದರು, ನಾನು ಇನ್ನೊಂದು. ರಜೆ ಉಳಿಯುತ್ತದೆ, ಒಬ್ಬರಿಗೇ ಓಡಾಟದ ಭಾರ ಬೀಳುವುದಿಲ್ಲ ಎಂದು ಇವರು ಲೆಕ್ಕ ಹಾಕಿದ್ದು. ವಾಪಸು ಬರುವಾಗ ಇಬ್ಬರೂ ಒಂಟಿಯಾಗಿ ಕೂತು ಬರಬೇಕು ಎನ್ನುವುದು ಆ ಲೆಕ್ಕದಲ್ಲಿ ಬಂದಿರಲಿಲ್ಲ.

ಇವರನ್ನು ಕೆಟ್ಟವರೆಂದುಕೊಳ್ಳಬೇಡ. ಇಂಜೆಕ್ಷನ್ನಿನ ಜಾಗ ಗಟ್ಟಿಯಾದರೆ ಬಿಸಿನೀರಿನ ಬಟ್ಟೆ ಒತ್ತುವವರು ಇವರೇ. ಕೆಟ್ಟವರಾಗಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇವರಿಗೆ ಯಾವುದು ಮುರಿದರೂ ಅಂಟಿಸಬಹುದು ಎನ್ನುವ ನಂಬಿಕೆ, ಅದೊಂದೇ ತಾಪತ್ರಯ.

ಮೊನ್ನೆ ಭಾನುವಾರದ್ದು ಹೇಳುತ್ತೇನೆ. ಅಹಮದಾಬಾದಿನ ಕ್ವಾರ್ಟರ್ಸ್ ಮಕ್ಕಳಿಗೆ ಇವರು ಆಟದ ರಾಕೆಟ್ ಮಾಡಿ ಹಾರಿಸುವುದನ್ನು ಕಲಿಸುತ್ತಾರಲ್ಲ, ಶನಿವಾರ ನಾನು ಅಲ್ಲಿಗೆ ಹೋದರೆ ಮಾರನೆಯ ಬೆಳಿಗ್ಗೆ ಮೈದಾನದಲ್ಲಿ ನನಗೂ ಒಂದು ಕೆಲಸ ಉಂಟು. ಪ್ಯಾರಾಚೂಟ್ ಮಡಚುವುದು. ಟಾಲ್ಕಂ ಪೌಡರ್ ಉದುರಿಸಿ, ಒಂದಕ್ಕೊಂದು ಅಂಟದ ಹಾಗೆ ಮಡಚಿ ಕೊಳವೆಯೊಳಗೆ ಇಳಿಸಬೇಕು. ರಟ್ಟಿನ ಕೊಳವೆ, ತೆಳುಮರದ ರೆಕ್ಕೆ, ಪ್ಲಾಸ್ಟಿಕ್ಕಿನ ಮೂತಿ, ರಾಕೆಟ್ ಅಂದರೆ ಅಷ್ಟೇ. ಮೇಲೆ ಹೋದ ಮೇಲೆ ಒಳಗೆ ಇನ್ನೊಂದು ಸಣ್ಣ ಸಿಡಿತವಾಗಿ ಮೂತಿ ಕಳಚಿಕೊಂಡು ಪ್ಯಾರಾಚೂಟ್ ಬಿಚ್ಚುತ್ತದೆ. ಕೊಳವೆಯನ್ನೂ ಮೂತಿಯನ್ನೂ ಒಂದು ಎಲಾಸ್ಟಿಕ್ ದಾರ ಹಿಡಿದುಕೊಂಡಿರುತ್ತದೆ, ಹಾಗಾಗಿ ಎಲ್ಲವೂ ಒಟ್ಟಿಗೆ ಇಳಿಯುತ್ತದೆ. ಇವರ ಹಳದಿ ರಾಕೆಟ್ ಇಪ್ಪತ್ತಕ್ಕೂ ಹೆಚ್ಚು ಸಲ ಹಾರಿದೆ. ರೆಕ್ಕೆ ಮುರಿದಾಗ ಅಂಟು, ಗೀರು ಬಿದ್ದಾಗ ಬಣ್ಣ. ನೋಡಿದರೆ ಅಂಗಡಿಯಿಂದ ಈಗ ತಂದ ಹಾಗಿತ್ತು.

ಪಕ್ಕದ ಮನೆಯ ಹುಡುಗಿ ವರ್ಷಿಣಿ ಕೇಳಿದಳು, “ಅಂಕಲ್, ಯೆ ಟೋಟಲ್ ಕಿತನೀ ಬಾರ್ ಉಡೇಗಾ?” ಒಟ್ಟು ಎಷ್ಟು ಸಲ ಹಾರುತ್ತದೆ ಎಂದು. ಅಪ್ಪ ಅಮ್ಮ ಕಾರವಾರದವರು, ಆದರೂ ಅವಳ ಬಾಯಲ್ಲಿ ಕನ್ನಡ ಹೊರಡುವುದಿಲ್ಲ.

“ಅದಕ್ಕೆ ಲೆಕ್ಕ ಇಲ್ಲ ಪುಟ್ಟಿ,” ಎಂದರು ಇವರು. “ನಾವು ರಿಪೇರಿ ಮಾಡೋವರ್ಗೂ ಹಾರತ್ತೆ. ರಾಕೆಟ್ಟು ಸವೆದು ಹಾಳಾಗೋದು ಕಡಿಮೆ, ಮರಕ್ಕೆ ಸಿಕ್ಕಿ ಕಳೆದುಹೋಗೋದೇ ಜಾಸ್ತಿ.” ಹೇಳಿ ನನ್ನ ಕಡೆ ನೋಡಿ ನಕ್ಕರು. ಯಾಕೆ ನಕ್ಕರೆಂದು ನನಗೆ ಗೊತ್ತಾಯಿತು.

ಕೊಳವೆಯೊಳಗೆ ಬೆರಳು ಹಾಕುವವಳು ನಾನೊಬ್ಬಳೇ. ಒಂದೊಂದು ಸಲ ಸಿಡಿದಾಗಲೂ ಒಳಗೋಡೆ ಸುಡುತ್ತದೆ ಅಕ್ಕ. ಅದನ್ನು ಯಾರೂ ನೋಡುವುದಿಲ್ಲ, ಅಲ್ಲಿಗೆ ಬಣ್ಣ ಹಚ್ಚುವುದಕ್ಕೂ ಬರುವುದಿಲ್ಲ. ಆವತ್ತು ರಟ್ಟು ಪದರ ಪದರವಾಗಿ ಎದ್ದು ಬೆರಳಿಗೆ ಮಸಿ ಹತ್ತಿತು. ಎಲಾಸ್ಟಿಕ್ ಎಳೆದು ನೋಡಿದೆ, ಒಣ ಶಾವಿಗೆಯ ಹಾಗೆ ಆಗಿತ್ತು.

“ಇದನ್ನ ಇವತ್ತು ಬಿಡಬೇಡಿ,” ಎಂದೆ. “ಒಳಗೆ ಏನೂ ಉಳಿದಿಲ್ಲ.”

ಇವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. “ಚೆನ್ನಾಗೇ ಇದೆಯಲ್ಲೇ. ಮಕ್ಕಳು ಕಾಯ್ತಾ ಇದ್ದಾರೆ. ಇನ್ನೊಂದ್ಸಲ ಹಾರತ್ತೆ ಬಿಡು.”

ಹಾರಿತು. ಚೆನ್ನಾಗಿಯೇ ಹಾರಿತು. ಮೇಲೆ ಟಪ್ಪೆಂದು ಸಿಡಿದಾಗ ದಾರ ಹರಿಯಿತು. ಮೂತಿ ಪ್ಯಾರಾಚೂಟಿನ ಜೊತೆ ತೇಲಿಕೊಂಡು ಹೋಗಿ, ಹೋದ ಉತ್ತರಾಯಣದ ಗಾಳಿಪಟದ ದಾರಗಳು ಇನ್ನೂ ಜೋತಾಡುತ್ತಿರುವ ಬೇವಿನ ಮರಕ್ಕೆ ಸಿಕ್ಕಿಕೊಂಡಿತು. ಮಕ್ಕಳೆಲ್ಲ ಕಿರುಚುತ್ತಾ ಅದರ ಹಿಂದೆ ಓಡಿದರು. ಕೊಳವೆ ಮಾತ್ರ ಹಾಗೇ ನೆಟ್ಟಗೆ ಕೆಳಗೆ ಬಂತು. ಅದು ಬಿದ್ದ ಕಡೆ ಹೋದವಳು ನಾನು. ಅರ್ಧಕ್ಕರ್ಧ ಮಡಚಿ ನಜ್ಜುಗುಜ್ಜಾಗಿ ಹೋಗಿತ್ತು. ಇವರು ಬಂದು ಎತ್ತಿಕೊಂಡು ಮಣ್ಣು ಒರೆಸಿದರು. “ಇಲ್ಲಿಗೆ ಕತ್ತರಿಸಿ ಹೊಸ ಕೊಳವೆ ಜೋಡಿಸಿದ್ರೆ ಆಯ್ತು, ಎರಡು ವಾರದ ಕೆಲಸ.” ಮುಖದಲ್ಲಿ ಒಂದು ಚೂರೂ ಬೇಸರವಿರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಸಂಜೆ ಸ್ಟೇಷನ್ನಿಗೆ ಕಾರಿನಲ್ಲಿ ಬಿಡಲು ಬಂದಾಗ ಡಾಕ್ಟರು ಡೇಟ್ ಕೊಟ್ಟಿದ್ದನ್ನು ಹೇಳಿದರು. ಹಿಂದೆ ತೆಗೆದಿಟ್ಟಿದ್ದರಲ್ಲಿ ಒಂದು ಭ್ರೂಣ ಇನ್ನೂ ಫ್ರೀಜರಿನಲ್ಲಿದೆ, ಅದನ್ನು ಕೂರಿಸುವುದಂತೆ. ನಾನು ಹೇಗೋ ಧೈರ್ಯ ಮಾಡಿ, “ನನ್ನ ಕೈಲಾಗಲ್ಲ ರೀ,” ಎಂದೆ.

“ನಿನ್ನ ರಿಪೋರ್ಟ್ ಎಲ್ಲಾ ಚೆನ್ನಾಗಿದೆ ಅಂದ್ರಲ್ಲ ಡಾಕ್ಟ್ರು. ಇದೊಂದ್ಸಲ ಹೇಮಾ. ಆಮೇಲೆ ನಾನು ಕೇಳಲ್ಲ.”

ನಾಲ್ಕನೆಯ ಸಲಕ್ಕೆ ಮುಂಚೆಯೂ ಹೀಗೇ ಅಂದಿದ್ದರು. ಅದನ್ನು ನೆನಪಿಸೋಣವೆಂದು ತಿರುಗಿದರೆ ಇವರ ಕಣ್ಣು ಒದ್ದೆಯಾಗಿತ್ತು. ನಾನು ಮತ್ತೆ ಕಿಟಕಿಯ ಕಡೆ ತಿರುಗಿದೆ. ಸುಮ್ಮನಿದ್ದದ್ದನ್ನೇ ಒಪ್ಪಿಗೆ ಎಂದುಕೊಂಡು, ಸಿಗ್ನಲ್ಲಿನಲ್ಲಿ ನಿಂತಾಗ ಆಸ್ಪತ್ರೆಗೆ ಮೆಸೇಜ್ ಕಳಿಸಿಬಿಟ್ಟರು. ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ನನಗೆ ಚಹಾ ಕೊಡಿಸಿ, ಕಿಟಕಿ ಪಕ್ಕದ ಸೀಟು ಸಿಕ್ಕಿತೇ ಎಂದು ನೋಡಿ ಹೋದರು.

ಅಕ್ಕ, ನನಗೆ ಯಾವುದರ ಮೇಲೂ ಆಸೆಯಿಲ್ಲ. ಮಗು ಬೇಕು ಅನ್ನಿಸುವುದೂ ನಿಂತುಹೋಗಿದೆ. ಬೆಳಿಗ್ಗೆ ಎದ್ದು ಕೂತರೆ ಸಂಜೆಯವರೆಗೆ ಈ ಮೈಯನ್ನು ಹೇಗೆ ಎಳೆದುಕೊಂಡು ಹೋಗಲಿ ಅನ್ನಿಸುತ್ತದೆ. ನೀನು ರಜೆ ಹಾಕಬೇಡ. ನೀನು ಬಂದು ಕೂತರೆ ನಾನು ಹೋಗಲೇಬೇಕಾಗುತ್ತದೆ. ಸಾಧ್ಯವಾದರೆ ಇವರಿಗೆ ಒಂದು ಮಾತು ಹೇಳು. ಇವರು ನನ್ನ ಮಾತಿಗಿಂತ ನಿನ್ನ ಮಾತನ್ನು ಹೆಚ್ಚು ಕೇಳುತ್ತಾರೆ. ಆದರೂ ಕೇಳುತ್ತಾರೆಂಬ ನಂಬಿಕೆ ನನಗಿಲ್ಲ.

ಅಮ್ಮನಿಗೆ ಈ ಯಾವುದೂ ಗೊತ್ತಾಗದಿರಲಿ. ಅವಳ ಮಂಡಿನೋವಿಗೆ ಎಣ್ಣೆ ಕಳಿಸುತ್ತೇನೆ. ಭಾವನವರಿಗೆ ನಮಸ್ಕಾರ. ಅರ್ಚಿತಾಗೆ ಚಿಕ್ಕಮ್ಮನ ಆಶೀರ್ವಾದ, ಚೆನ್ನಾಗಿ ಓದಲಿ, ನಿದ್ದೆಗೆಡದಿರಲಿ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಹೇಮಲತಾ

ತಾ.ಕ.: ಆಗಸ್ಟಿನಲ್ಲಿ ಐದು ತಿಂಗಳಿಗೇ ಹೋದಾಗ, ಮಗುವಿನ ಮುಖ ನೋಡಿದೆಯೇನೇ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ಹೂಂ ಅಂದಿದ್ದೆ. ನೋಡಿಲ್ಲ ಅಕ್ಕ. ನರ್ಸು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲ ಹತ್ತಿರ ನಿಂತು, ತಾಯಿಗೆ ತೋರಿಸಲೇ ಎಂದು ಇವರನ್ನು ಕೇಳಿದಳು. ಇವರು ಬೇಡವೆಂದು ತಲೆಯಾಡಿಸಿದರು. ನನಗೆ ಸಂಕಟವಾಗದಿರಲಿ ಎಂದೇ ಇರಬೇಕು. ನಾನು ಎಚ್ಚರವಾಗಿಯೇ ಇದ್ದೆ. ಇವರು ಬಟ್ಟೆ ಸರಿಸಿ ನೋಡಿದರು, ನರ್ಸು ಮೆಲ್ಲಗೆ ಏನೋ ಹೇಳಿದಳು, ಇಬ್ಬರೂ ಹೊರಗೆ ಹೋದರು. ಹೆಣ್ಣೋ ಗಂಡೋ ಇವರಿಗೆ ಗೊತ್ತಿದೆ. ನನಗೆ ಇವತ್ತಿಗೂ ಗೊತ್ತಿಲ್ಲ. ಇವರು ಹೇಳಿಲ್ಲ, ನಾನು ಕೇಳಿಲ್ಲ.