ಹೆಗಲ ಮೇಲಿನ ಆಂಟೆನಾ

ಜೂನ್ ೧೯, ಬುಧವಾರ

ಮೊದಲು ಹನ್ನೊಂದು ಉಪಗ್ರಹ, ಆಮೇಲೆ ಐದು, ಆಮೇಲೆ ಮೂರು. ಇವತ್ತೂ ಅದೇ ರಾಗ. ಇವರಿಗೆ ದಾರಿ ಹೇಳಲೆಂದು ನಾನು ಕಟ್ಟಿದ ಜಿಪಿಎಸ್ ಡಬ್ಬಿಯ ಮಾತು ಕೇಳಿದ್ದರೆ ಎದುರು ಸಾಲಿನ ಯಾರದೋ ಅಡುಗೆಮನೆಗೆ ನುಗ್ಗಬೇಕಿತ್ತು. ತಪ್ಪು ನನ್ನದೇ. ಬಿಸ್ಕತ್ತಿನಂಥ ಚೌಕದ ಆಂಟೆನಾ, ಮುಖ ಆಕಾಶದ ಕಡೆ ಇರಬೇಕು. ಇವರ ಅಂಗಿ ಜೇಬಿನಲ್ಲಿ ನಿಲ್ಲಿಸಿಟ್ಟಿದ್ದೆ. ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಇಂಥವೇ ರಿಸೀವರ್ ಟೆಸ್ಟ್ ಮಾಡಿದವಳು!

ಮುಂದಿನ ಒಂದನೇ ತಾರೀಖಿನಿಂದ ನನಗೆ ಬೆಳಗಿನ ಶಿಫ್ಟ್, ಜೊತೆಗೆ ಹೋಗಲಾಗದು. ಇವರಿಗೆ ಕಣ್ಣು ಕಾಣದು. ಪಾಠ ಮಾಡುವ ಶಾಲೆ ಹೊಸದು, ದಾರಿಯೂ ಹೊಸದು. ಕೋಲು ಗುಂಡಿ ತೋರಿಸುತ್ತದೆ, ತಿರುವನ್ನು ಡಬ್ಬಿಯೇ ಕಿವಿಯಲ್ಲಿ ಹೇಳಬೇಕು. ಇಲ್ಲದಿದ್ದರೆ ದಿನಾ ನಮ್ಮಣ್ಣನ ಕಾರಿಗೆ ಕಾಯಬೇಕು. ಆ ಮಾತೆತ್ತಿದರೆ ಇವರಿಗೆ ಮೈಯೆಲ್ಲ ಉರಿ.

ಜೂನ್ ೨೧

ಇವರ ಅಂಗಿಯ ಬಲ ಹೆಗಲಿಗೆ ಅಂಗೈಯಗಲದ ತಾಮ್ರದ ತಗಡು ಹೊಲಿದೆ, ಅದರ ಮೇಲೆ ಆಂಟೆನಾ. ಕೆಳಗೆ ಲೋಹವಿದ್ದರೆ ಸಿಗ್ನಲ್ ಚೆನ್ನಾಗಿ ಹಿಡಿಯುತ್ತದೆ. ಥೇಟ್ ಸೇನಾಧಿಪತಿ ಅಂದೆ. ಹಾಗಾದರೆ ಸೆಲ್ಯೂಟ್ ಯಾವಾಗ ಅಂದರು.

ಸಂಜೆ ತಾರಸಿಯ ಮೇಲೆ ಹದಿನಾಲ್ಕು. ಬೆಳಿಗ್ಗೆ ರಸ್ತೆಯಲ್ಲಿ ನಾಲ್ಕೇ ಇತ್ತಲ್ಲ...

ಜೂನ್ ೨೪

ಸುರುಳಿ ಆಂಟೆನಾ ಹಾಕಿದೆ. ಹೆಬ್ಬೆರಳಿನಷ್ಟಿದೆ, ವಾಲಿದರೂ ನಡೆಯುತ್ತದೆ. ಫಲ ಸೊನ್ನೆ. ಕಟ್ಟಡಗಳನ್ನು ಬೈದೆ, ಕೇಬಲ್ ಬೈದೆ, ಕೊನೆಗೆ ಹೆಗಲು ಅಲ್ಲಾಡಿಸುತ್ತೀರಿ ಅಂತ ಇವರನ್ನೂ ಬೈದೆ. ಪಾಪ.

ಇಲ್ಲಿ ಮಾತ್ರ ಬರೆಯುವ ಮಾತು — ಡಬ್ಬಿ ಕೈಕೊಟ್ಟಾಗ ಒಳಗೊಳಗೇ ಒಂಚೂರು ಖುಷಿಯಾಗುತ್ತದೆ. ಒಂಬತ್ತು ವರ್ಷದಿಂದ ನಡೆಯುವಾಗ ಇವರ ಕೈ ನನ್ನ ಮೊಣಕೈ ಮೇಲಿದೆ. ಬಿಟ್ಟುಕೊಡಲು ಮನಸ್ಸಿಲ್ಲ.

ಜೂನ್ ೨೮

ದೋಷ ಸಿಕ್ಕಿತು. ಹಿಡಿದದ್ದು ನಾನಲ್ಲ, ಇವರು.

ಮೂಲೆಯ ತಿರುವಿನಲ್ಲಿ ನಿಂತು, "ಕೊಡೆ ಮಡಚು ನೋಡೋಣ" ಅಂದರು. ಮಡಚಿದೆ. ಹದಿಮೂರು ಉಪಗ್ರಹ! ಬಿಚ್ಚಿದೆ, ನಾಲ್ಕು. ಬಿಸಿಲು ತಾಗಬಾರದೆಂದು ದಿನಾ ಇವರ ತಲೆಯ ಮೇಲೆ ಹಿಡಿಯುತ್ತಿದ್ದ ಕೊಡೆ, ಒಳಗೆಲ್ಲ ಬೆಳ್ಳಿ ಬಣ್ಣದ ಲೋಹದ ಲೇಪ. ಲೋಹ ಮೇಲೆ ಬಂದರೆ ಸಿಗ್ನಲ್ಲಿಗೇ ಅಡ್ಡ. ಆಂಟೆನಾ ಬದಲಾಯಿಸಿದ್ದೇ ಬದಲಾಯಿಸಿದ್ದು, ನನ್ನ ಕೈಯಲ್ಲಿದ್ದದ್ದು ನನಗೇ ಕಾಣಲಿಲ್ಲ.

ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ಮುಖಕ್ಕೆ ಬಿಸಿಲು ಬಿದ್ದಾಗೆಲ್ಲ ಇದು ಸರಿಯಾಗಿ ಹೇಳ್ತಿತ್ತು. ನೀನು ನೆರಳು ಮಾಡಿದಾಗ್ಲೇ ದಾರಿ ತಪ್ಪೋದು."

ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯಾಕೋ ಚುರುಕ್ ಅಂತು.

ಸುರುಳಿಯದೇ ಇರಲಿ. ಕೋಲು ಹಿಡಿದಾಗ ಆ ಹೆಗಲು ವಾಲುತ್ತದೆ.

ಜುಲೈ ೧, ಬೆಳಿಗ್ಗೆ ೮:೫೦, ಟೆಸ್ಟ್ ಬೆಂಚು

ಒಬ್ಬರೇ ಹೊರಟಿದ್ದಾರೆ. ನನ್ನ ಫೋನಿನ ನಕ್ಷೆಯಲ್ಲಿ ಡಬ್ಬಿಯ ಚುಕ್ಕೆ. ಮೂಲೆಯಲ್ಲಿ ನಿಂತಿದೆ. ಎರಡು ನಿಮಿಷ... ಮೂರು. ಫೋನ್ ಮಾಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಹೊರಟಿತು. ತಿರುಗಿತು. ಶಾಲೆಯ ಗೇಟು.

ಅತ್ತುಬಿಟ್ಟೆ. ಪಕ್ಕದ ಬೆಂಚಿನವಳು ಗಾಬರಿಯಾಗಿ ನೀರು ತಂದಳು.

ಮಧ್ಯಾಹ್ನ ೨:೪೫, ಮನೆ

ಊಟದ ಹೊತ್ತಿಗೆ ಫೋನ್ ಮಾಡಿದ್ದರು. "ಡಬ್ಬಿ ಸರಿಯಾಗಿ ದಾರಿ ಹೇಳ್ತು ಕಣೇ. ಜಗಳ ಮಾತ್ರ ಆಡ್ಲಿಲ್ಲ. ಸಂಜೆ ನೀನೇ ಬಂದ್ಬಿಡು."

ಶಾಲೆ ಬಿಡುವುದು ನಾಲ್ಕಕ್ಕೆ. ಹದಿನೈದು ನಿಮಿಷದ ದಾರಿ. ಈಗಲೇ ಹೋದರೆ ಗೇಟಿನ ಮುಂದೆ ಒಂದು ಗಂಟೆ ನಿಲ್ಲಬೇಕು. ನಿಲ್ಲುತ್ತೇನೆ, ಏನೀಗ? ತಲೆ ಬಾಚಿಕೊಂಡು—