ಏಳನೇ ಬೋರಿನ ಆರು ಪೆಟ್ಟಿಗೆಗಳು

ಕೋರ್ ಶೆಡ್ಡು, ಕ್ಯಾಂಪು
ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಗಿನ ಹತ್ತು ಗಂಟೆ

ಪ್ರೀತಿಯ ಅಣ್ಣ,

ಹೇಗಿದ್ದೀಯ? ಎಡ ಮೊಣಕಾಲು ಹೇಗಿದೆ? ಚೆನ್ನಾಗಿದೆ ಎಂದು ಬರೆಯಬೇಡ, ಅತ್ತಿಗೆ ನನಗೆ ಎಲ್ಲಾ ವರದಿ ಕೊಡುತ್ತಾರೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೀಯಂತೆ, ಎಣ್ಣೆ ಹಚ್ಚಿಕೋ ಅಂದರೆ ನಾಳೆ ಅನ್ನುತ್ತೀಯಂತೆ. ಇಪ್ಪತ್ತೆರಡು ವರ್ಷ ಡ್ರಿಲ್ಲಿಂಗ್ ರಿಗ್ಗಿನ ಪಕ್ಕ ನಿಂತ ಕಾಲು ಅದು, ಅದಕ್ಕೂ ಒಂದಿಷ್ಟು ಮರ್ಯಾದೆ ಕೊಡು. ನಾನು ಚೆನ್ನಾಗಿದ್ದೇನೆ. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿದೆ, ಉಳಿದದ್ದೆಲ್ಲ ಇದ್ದಲ್ಲೇ ಇದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ" ಎನ್ನುತ್ತೀಯ, ಆಮೇಲೆ "ಸರಿ" ಎನ್ನುತ್ತೀಯ, ಆಮೇಲೆ ಅತ್ತಿಗೆಯ ಕೈಗೆ ಕೊಟ್ಟು ಎದ್ದು ಹೋಗುತ್ತೀಯ. ನಾಲ್ಕು ತಿಂಗಳಿಂದ ನಿನ್ನ ಬಾಯಿಂದ ನಾನು ಕೇಳಿದ್ದು ಆ ಎರಡೇ ಮಾತು. ಕಾಗದವನ್ನು ಅರ್ಧಕ್ಕೆ ಬಿಟ್ಟು ಏಳುವ ಜಾಯಮಾನ ನಿನ್ನದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೋದ ಮೇಲೆ ಇಲ್ಲಿ ಬಹಳ ಬದಲಾಗಿದೆ. ನಾವು ಬಂದ ಹೊಸತರಲ್ಲಿ ಆಡು ಓಡಾಡುವ ದಾರಿ ಬಿಟ್ಟರೆ ಏನೂ ಇರಲಿಲ್ಲವಲ್ಲ, ಈಗ ರಸ್ತೆ ಕೂಡುವಲ್ಲಿ ಒಂದು ಪಂಕ್ಚರ್ ಅಂಗಡಿ, ಎರಡು ಚಹದಂಗಡಿ, ಒಂದು ಕ್ಷೌರದಂಗಡಿ ಆಗಿವೆ. ಕ್ಷೌರದವನು ತನ್ನ ಬೋರ್ಡಿಗೆ ತಾಮ್ರದ ಬಣ್ಣ ಬಳಿಸಿದ್ದಾನೆ. ತಾಮ್ರ ಎಷ್ಟಿದೆ ಎಂದು ನಮಗೇ ಗೊತ್ತಿಲ್ಲ, ಅವನಿಗೆ ಮಾತ್ರ ಖಾತ್ರಿ. ಗುಡ್ಡದ ಆಚೆ ಇನ್ನೂ ಮೂರು ಕಂಪನಿಗಳು ಗೂಟ ಹೊಡೆದಿವೆ. ಅವರಿಗೆ ಇಲ್ಲಿಯವರೆಗೆ ಸಿಕ್ಕಿರುವುದು ಹಸಿರು ಕಲೆ ಬಿದ್ದ ಒಂದಿಷ್ಟು ಕಲ್ಲು ಮತ್ತು ಧೂಳಿನ ಕೆಮ್ಮು. ಚಹದಂಗಡಿಯವನು ಈಗಲೂ ಕೇಳುತ್ತಾನೆ, "ನಿಮ್ಮಣ್ಣ ಯಾವಾಗ ಬರ್ತಾರೆ? ಅವರಷ್ಟು ಸಕ್ಕರೆ ಕೇಳೋರು ಯಾರೂ ಇಲ್ಲ ನೋಡಿ" ಎಂದು. ಕಾಲು ನೋವು ಎನ್ನುತ್ತೇನೆ. ಹೋಗುವಾಗ ನೀನೂ ಎಲ್ಲರಿಗೂ ಅದನ್ನೇ ಹೇಳಿದ್ದೆ. ಆದರೆ ನೀನು ಕೆಲಸ ಬಿಟ್ಟದ್ದು ಕಾಲು ನೋವಿಗಲ್ಲ, ಲಾಗ್ ಪುಸ್ತಕದಲ್ಲಿ ನಾನು ಬರೆದ ಒಂದು ಸಾಲಿಗೆ. ಅದು ನಮ್ಮಿಬ್ಬರಿಗೂ ಗೊತ್ತು.

ಆ ಸಾಲಿನ ವಿಷಯಕ್ಕೇ ಬರುತ್ತೇನೆ. ಏಳನೇ ಬೋರಿನಲ್ಲಿ ನಾವು ಬೂದು ಜೇಡಿಗಲ್ಲು ದಾಟಿ, ಅದರ ತಳದಲ್ಲಿ ಒಂದು ಗೇಣಿನಷ್ಟು ತಾಮ್ರ ಕಂಡು, ಕೆಂಪು ಮರಳುಗಲ್ಲಿಗೆ ಇಳಿದಿದ್ದೆವು. ಈ ಸೀಮೆಯಲ್ಲಿ ತಾಮ್ರ ಕೂರುವುದು ಬೂದು ಕಲ್ಲಿಗೂ ಕೆಂಪು ಕಲ್ಲಿಗೂ ನಡುವಿನ ಗಡಿಯಲ್ಲಿ, ಕೆಂಪಿನೊಳಗೆ ಎಷ್ಟು ಇಳಿದರೂ ಬರೀ ಕೆಂಪೇ ಎಂದು ನಾನೇ ನಿನಗೆ ಪಾಠ ಮಾಡಿದ್ದೆ. ಆಗ ಬಂದವು ನಲವತ್ತೊಂದರಿಂದ ನಲವತ್ತಾರರವರೆಗಿನ ಕೋರ್ ಪೆಟ್ಟಿಗೆಗಳು, ಒಳಗೆ ನೀನು ನೆಲದಾಳದಿಂದ ಎತ್ತಿ ಸಾಲಾಗಿ ಜೋಡಿಸಿದ ಕೋಲಿನಂಥ ಕಲ್ಲಿನ ತುಂಡುಗಳು. ನೀರು ಮರಳು ಹಾಸುವಾಗ ದಪ್ಪ ಕಾಳು ಮೊದಲು ಕೂರುತ್ತದೆ, ನುಣುಪು ಅದರ ಮೇಲೆ. ಈ ಆರು ಪೆಟ್ಟಿಗೆಗಳಲ್ಲಿ ನೋಡಿದರೆ ಪ್ರತಿ ಪದರದಲ್ಲೂ ನುಣುಪು ಕೆಳಗೆ, ದಪ್ಪ ಮೇಲೆ. ಆ ಪಾಳಿಯಲ್ಲಿ ನಿನಗೆ ಜ್ವರವಿತ್ತು. ಕೊಳವೆಯಿಂದ ಕೋರ್ ತೆಗೆದು ಜೋಡಿಸುವಾಗ ತಲೆಕೆಳಗು ಮಾಡಿದ್ದೀಯ ಎಂದು ನಾನು ನಿಂತ ನಿಲುವಿನಲ್ಲೇ ತೀರ್ಮಾನಿಸಿಬಿಟ್ಟೆ. ನೀನು "ನಾನು ಹಾಗೆ ಇಡಲ್ಲ ಕಣೇ" ಎಂದೆ, ಅಷ್ಟೇ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಂಪು ಶಾಯಿಯಲ್ಲಿ "ಡ್ರಿಲ್ಲರ್ ತಪ್ಪಿನಿಂದ ಆರು ಪೆಟ್ಟಿಗೆ ತಲೆಕೆಳಗು, ಸರಿಪಡಿಸಲಾಗಿದೆ" ಎಂದು ಬರೆದೆ. ನೀನು ಪ್ರತಿ ತುಂಡಿನ ಮೇಲೆ ನೀಲಿ ಮೇಣದ ಕಡ್ಡಿಯಿಂದ ಕೆಳಮುಖವಾಗಿ ಎಳೆದಿದ್ದ ಬಾಣದ ಗುರುತು ಒರೆಸಿ, ತುಂಡುಗಳನ್ನು ತಿರುಗಿಸಿಟ್ಟು, ನನ್ನ ಬಾಣ ಎಳೆದೆ. ಸಾಹೇಬರು ಲಾಗ್ ನೋಡಿ, ಕೆಂಪಿಗೆ ಬಂದಾಯಿತಲ್ಲ, ಸಾಕು ಎಂದು ಇನ್ನೂರ ಮೂವತ್ತು ಮೀಟರಿಗೆ ಬೋರು ನಿಲ್ಲಿಸಿದರು. ಮೂರನೇ ದಿನ ನೀನು ಹಾಸಿಗೆ ಸುತ್ತಿಕೊಂಡು ಹೊರಟೆ. ಚಿಕ್ಕವಳಿದ್ದಾಗ ನಾನು ಚಪ್ಪಲಿ ಅದಲುಬದಲು ಹಾಕಿಕೊಳ್ಳುತ್ತೇನೆಂದು ಎಡಗಾಲಿನದರ ಒಳಗೆ ಬಾಣ ಬರೆದುಕೊಡುತ್ತಿದ್ದವನು ನೀನು. ಭೂವಿಜ್ಞಾನದಲ್ಲಿ ಎರಡು ಡಿಗ್ರಿ ಮಾಡಿಕೊಂಡು ಬಂದವಳಿಗೆ ಆ ಬಾಣದ ಮೇಲೆ ನಂಬಿಕೆ ಹೋಗಿತ್ತು.

ಈಗ ಕೇಳು. ಹೋದ ತಿಂಗಳು ನಾನೂರು ಮೀಟರ್ ದೂರದಲ್ಲಿ ಒಂಬತ್ತನೇ ಬೋರು ಹಾಕಿದೆವು. ಹೊಸ ಡ್ರಿಲ್ಲರ್ ಬಂದಿದ್ದಾನೆ, ಕೆಲಸಗಾರ, ಆದರೆ ಮಾತಿನ ಮಲ್ಲ. ಅವನು ರಾಡು ಎತ್ತುವ ಹೊತ್ತಿಗೆ ಜಗತ್ತಿನ ಅರ್ಧ ಸುದ್ದಿ ಮುಗಿದಿರುತ್ತದೆ. ಇನ್ನೂರ ಐದು ಮೀಟರ್ ದಾಟಿದ ಮೇಲೆ ಕೆಂಪು ಕಲ್ಲಿನಲ್ಲಿ ಮತ್ತೆ ಅದೇ ಕಂಡಿತು, ನುಣುಪು ಕೆಳಗೆ, ದಪ್ಪ ಮೇಲೆ. ಅವನಿಗೆ ಜ್ವರ ಇರಲಿಲ್ಲ. ಮಾರನೆಯ ದಿನ ನಾನೇ ರಿಗ್ಗಿನ ಪಕ್ಕ ನಿಂತೆ. ಕೊಳವೆಯಿಂದ ಕೋರ್ ಜಾರುವುದನ್ನು ಕಣ್ಣು ಮಿಟುಕಿಸದೆ ನೋಡಿ, ನನ್ನ ಕೈಯಿಂದಲೇ ಬಾಣ ಎಳೆದೆ. "ಮೇಡಂ, ನನ್ನ ಮೇಲೆ ಅನುಮಾನಾನಾ?" ಎಂದ. ನಿಮ್ಮ ಮೇಲಲ್ಲ ಎಂದೆ. ಶೆಡ್ಡಿಗೆ ತಂದು, ತೊಳೆದು, ಕಾಳು ಕಾಣಲಿ ಎಂದು ನೆಕ್ಕಿಯೂ ನೋಡಿದೆ. ಕಲ್ಲು ನೆಕ್ಕುವ ಕೆಲಸಕ್ಕೆ ಇಷ್ಟೆಲ್ಲಾ ಓದಬೇಕಿತ್ತಾ ಎಂದು ನೀನು ರೇಗಿಸುತ್ತಿದ್ದೆಯಲ್ಲ, ಅದು ನೆನಪಾಯಿತು. ಕಲ್ಲು ನಿಜವಾಗಿಯೂ ತಲೆಕೆಳಗಾಗಿತ್ತು ಅಣ್ಣ. ಪೆಟ್ಟಿಗೆಯಲ್ಲಲ್ಲ, ನೆಲದೊಳಗೇ. ಹೊದಿಕೆ ಮಡಿಚಿದಾಗ ಕೆಳಗಿನ ಪದರ ಮಗುಚಿಕೊಳ್ಳುವ ಹಾಗೆ ಇಡೀ ನೆಲ ಮಡಿಚಿಕೊಂಡಿದೆ. ಹಾಗಿದ್ದ ಮೇಲೆ ಕೆಂಪಿನ ಕೆಳಗೆ ಅದೇ ಬೂದು ಕಲ್ಲು ಮತ್ತೆ ಸಿಗಬೇಕು, ಗಡಿಯೂ ಮತ್ತೆ ಸಿಗಬೇಕು. ಇನ್ನೂರ ಅರವತ್ತೆರಡರಲ್ಲಿ ಸಿಕ್ಕಿತು. ಮೇಲಿನ ಗಡಿಯಲ್ಲಿ ಗೇಣು ತಾಮ್ರವಿದ್ದರೆ ಇಲ್ಲಿ ಎರಡು ಮಾರು. ಒದ್ದೆ ಮಾಡಿದರೆ ನವಿಲುಗರಿಯ ಬಣ್ಣ. ಶೆಡ್ಡಿನಲ್ಲಿ ಎಲ್ಲರೂ ಕುಣಿದರು. ನನಗೆ ಮಾತ್ರ ಕುಣಿಯಲು ಆಗಲಿಲ್ಲ, ಏಳನೇ ಬೋರಿನ ಪೆಟ್ಟಿಗೆಗಳ ಮುಂದೆ ಹೋಗಿ ಕೂತೆ.

ಅಲ್ಲಿ ಕೂತಿದ್ದಾಗ ನನ್ನನ್ನು ಹೆಚ್ಚು ಚುಚ್ಚಿದ್ದು ಅತ್ತಿಗೆ ಹೇಳಿದ ಮಾತು. ನೀನು ಈಗ ಪಂಪು ರಿಪೇರಿ ಅಂಗಡಿಯಲ್ಲಿ ಕೂರುತ್ತೀಯಂತೆ. ನೀರಿನ ಬೋರು ಕೊರೆಯುವವರು ಎರಡು ಸಲ ಮನೆಗೇ ಬಂದು ಕರೆದರೂ ಹೋಗಲಿಲ್ಲವಂತೆ. "ವಯಸ್ಸಾಯ್ತು ಕಣೇ, ಜ್ವರದಲ್ಲಿ ನನ್ನ ಕೈ ತಪ್ಪಿರಬೇಕು, ಅವಳು ಓದಿದೋಳು, ಸುಮ್ಮನೆ ಬರೀತಾಳಾ" ಅಂದೆಯಂತೆ. ನೀನು ನನ್ನ ಮೇಲೆ ಕೋಪ ಮಾಡಿಕೊಂಡಿದ್ದೀಯ ಎಂದೇ ಇಷ್ಟು ದಿನ ತಿಳಿದಿದ್ದೆ. ಕೋಪವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ನಿನಗೆ ನಿನ್ನ ಕೈಯ ಮೇಲೇ ಅನುಮಾನ ಹುಟ್ಟಿಸಿಬಿಟ್ಟೆನಲ್ಲ ಎಂದು ತಿಳಿದಾಗ ಅತ್ತೆ. ಕೋರ್ ಶೆಡ್ಡಿನಲ್ಲಿ ಅಳುವುದಕ್ಕೆ ಒಂದು ಅನುಕೂಲವಿದೆ, ಎಲ್ಲರೂ ಧೂಳು ಎಂದುಕೊಳ್ಳುತ್ತಾರೆ.

ನಿನ್ನೆ ಆ ಕೆಂಪು ಸಾಲಿನ ಮೇಲೆ ಗೀಟು ಹಾಕಿ, ಕೆಳಗೆ "ಡ್ರಿಲ್ಲರ್ ಇಟ್ಟದ್ದೇ ಸರಿ, ಲಾಗ್ ಬರೆದವಳದೇ ತಪ್ಪು" ಎಂದು ಬರೆದು ಸಹಿ ಹಾಕಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿದರು. ಬಯ್ಯಲಿಲ್ಲ. ಒಂದೇ ಬೋರಿನ ಮಾತನ್ನು ಯಾರೂ ನಂಬುವುದಿಲ್ಲ, ಏಳನೆಯದನ್ನು ಇನ್ನೊಂದು ನಲವತ್ತು ಮೀಟರ್ ಇಳಿಸಿ ಎರಡನೇ ಗಡಿ ಅಲ್ಲೂ ತೋರಿಸಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ತಿಂಗಳ ಕೊನೆಗೆ ಅದಕ್ಕೆ ಸಿಮೆಂಟು ತುಂಬಿ ಕ್ಯಾಂಪು ಎತ್ತುವುದೇ ಎಂದರು. ನೂರ ಅರವತ್ತು ಮೀಟರಿನ ಹತ್ತಿರ ಆ ಬೋರಿನ ಗೋಡೆ ಕುಸಿಯುತ್ತದೆ, ನೆನಪಿದೆಯಾ? ಅಲ್ಲಿ ನೀನು ಮೂರು ದಿನ ಹಲ್ಲು ಕಚ್ಚಿಕೊಂಡು ರಾಡು ಇಳಿಸಿದ್ದೆ. ಹೊಸಬನನ್ನು ಕೇಳಿದರೆ, ಮೊದಲ ಸಲ ಒಂದೇ ಮಾತಿನಲ್ಲಿ ಮುಗಿಸಿದ, "ನನ್ನಿಂದಾಗಲ್ಲ" ಎಂದು. "ಅವರು ಬರ್ತಾರಾ?" ಎಂದು ಸಾಹೇಬರು ನನ್ನನ್ನು ಕೇಳಿದರು. ನಿನ್ನನ್ನೇ ಕೇಳಿ ಹೇಳುತ್ತೇನೆ ಎಂದೆ. ಈ ಕಾಗದ ನಾಳೆ ನಿನ್ನ ಕೈ ಸೇರುತ್ತದೆ, ಗುರುವಾರ ಬೆಳಿಗ್ಗೆ ಜೀಪು ನಿನ್ನ ಅಂಗಡಿ ಮುಂದೆ ನಿಲ್ಲುತ್ತದೆ. ಮೊಣಕಾಲಿಗೆಂದು ರಿಗ್ಗಿನ ಲಿವರಿನ ಪಕ್ಕ ಒಂದು ಕುರ್ಚಿ ಹಾಕಿಸುತ್ತೇನೆ. ಅದರ ಮೇಲೆ ನೀನು ಕೂರುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಅತ್ತಿಗೆಗೆ ನನ್ನ ನಮಸ್ಕಾರ. ನಿನ್ನ ಮೇಲೆ ಇಷ್ಟೆಲ್ಲಾ ಚಾಡಿ ಹೇಳಿದ್ದಕ್ಕೆ ಅವರನ್ನು ಬಯ್ಯಬೇಡ, ಬೈದರೆ ಅದೂ ನನಗೆ ತಲುಪುತ್ತದೆ. ನಿನ್ನ ಪಾದಕ್ಕೂ ಆ ಮೊಣಕಾಲಿಗೂ ಸೇರಿಸಿ ನಮಸ್ಕರಿಸುತ್ತೇನೆ.

ನಿನ್ನ
ತಲೆಹರಟೆ ತಂಗಿ

ಮ.ಸೂ.: ಟಪಾಲು ಒಯ್ಯುವ ಲಾರಿ ಹಾರ್ನ್ ಹೊಡೆಯುತ್ತಿದೆ, ಆದರೂ ಇದನ್ನು ಬರೆಯದೆ ಕವರು ಅಂಟಿಸಲಾರೆ. ನೆಲ ಮಡಿಚಿದ್ದು ಆಗ ನನಗೆ ತಿಳಿದಿರಲಿಲ್ಲ, ಅದು ನಿಜ. ಆದರೆ ನಿನ್ನದು ತಪ್ಪಲ್ಲ ಎಂಬುದು ಅವತ್ತೇ ತಿಳಿಯಬಹುದಿತ್ತು. ಪೆಟ್ಟಿಗೆ ತಿರುಗಿಸುವ ಮೊದಲು ನಲವತ್ತನೆಯದರ ಕೊನೆಯ ತುಂಡಿಗೆ ನಲವತ್ತೊಂದರ ಮೊದಲ ತುಂಡನ್ನು, ನೀನು ಇಟ್ಟ ಹಾಗೆಯೇ, ಹಿಡಿದು ನೋಡಿದ್ದೆ. ಮುರಿದ ಬಾಯಿ ಕೂದಲೆಳೆ ಸಂದಿಲ್ಲದೆ ಕೂಡಿಕೊಂಡಿತ್ತು. ನಾನು ತಿರುಗಿಸಿದ ಮೇಲೆ ಕೂಡಲಿಲ್ಲ. ಎರಡನ್ನೂ ಕಣ್ಣಾರೆ ಕಂಡು, ತುದಿ ಸವೆದಿದೆ ಎಂದು ಬರೆದು ಪುಸ್ತಕ ಮುಚ್ಚಿದೆ. ನನ್ನ ಓದಿಗಿಂತ ನಿನ್ನ ಕೈ ಸರಿ ಎಂದು ಒಪ್ಪಿಕೊಳ್ಳಲು ಆಗಲಿಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಸಾಹೇಬರಿಗೂ. ಇದನ್ನು ತಿಳಿದ ಮೇಲೆ ನೀನು ಜೀಪು ಹತ್ತದಿದ್ದರೆ ನಾನು ಏನೂ ಅನ್ನುವುದಿಲ್ಲ. ಆದರೆ ಬೋರು ಕೊರೆಯುವವರು ಮೂರನೇ ಸಲ ಕರೆಯಲು ಬಂದರೆ ಅವರ ಜೊತೆಯಾದರೂ ಹೋಗು ಅಣ್ಣ. ಅವತ್ತು ಜ್ವರ ಇದ್ದದ್ದು ನಿನ್ನ ಮೈಗೆ ಮಾತ್ರ, ನಿನ್ನ ಕೈ ಎಲ್ಲೂ ತಪ್ಪಿರಲಿಲ್ಲ.